ಡಾಲಿ ಹಿಡಿದ ಮಾಯವ್ವ

ನಮ್ಮ ಮನೆಯವರಿಗೆ ಹಳೆಯ ಸಾಮಾನು ಕಂಡರೆ ಕೈಕಾಲು ನಿಲ್ಲುವುದಿಲ್ಲ. ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದು ಬಟ್ಟೆಯಂಗಡಿ. ಇಚಲಕರಂಜಿಗೆ ಧೋತರದ ಗಂಟು ತರಲು ಹೋದವರು ಕೆಟ್ಟ ಗ್ರಾಮೋಫೋನು ಹೊತ್ತುಕೊಂಡು ಬಂದದ್ದುಂಟು, ಮುಳ್ಳಿಲ್ಲದ ಗಡಿಯಾರ ತಂದದ್ದುಂಟು. ನಾನು ಬೈದು ಬೈದು ಸುಮ್ಮನಾಗಿದ್ದೆ. ಆದರೆ ಎಂಬತ್ತರ ದಸರೆಯ ಮುಂದೆ ಅವರು ತಂದದ್ದನ್ನು ಇಡಲು ಮನೆಯಲ್ಲಿ ಜಾಗವೇ ಇರಲಿಲ್ಲ. ಅದೇ ಒಂದು ಮನೆಯಷ್ಟಿತ್ತು.

ಕೊಲ್ಹಾಪುರದ ಆಚೆ ಒಬ್ಬ ಇನಾಮದಾರರ ವಾಡೆಯಲ್ಲಿ ಬಿದ್ದಿದ್ದ ಬಂಡಿ ಅದು. ಶಿಕಾರಿಗೆ ಹೋದಾಗ ಉಳಿದುಕೊಳ್ಳಲಿಕ್ಕೆಂದು ಅವರ ಅಜ್ಜ ವಿಲಾಯತಿನಿಂದ ತರಿಸಿದ್ದರಂತೆ. ಕೆಳಗೆ ಎರಡು ಗಾಲಿ, ಮೇಲೆ ಅಲ್ಯುಮಿನಿಯಂ ತಗಡಿನ ದುಂಡನೆಯ ಮೈ, ಎರಡೂ ಬದಿಗೆ ಕಿಟಕಿ, ಒಳಗೆ ಮಲಗಲು ಹಲಗೆ, ಮೂಲೆಯಲ್ಲಿ ಅಡುಗೆಗೆ ಕಟ್ಟೆ. ಜೀಪಿನ ಹಿಂದೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದು. ಶಿಕಾರಿ ನಿಂತ ಮೇಲೆ ವಾಡೆಯವರು ಅದರಲ್ಲಿ ಕೋಳಿ ಸಾಕಿದ್ದರು. ಟ್ರ್ಯಾಕ್ಟರಿನ ಹಿಂದೆ ಅದು ನಮ್ಮ ಹಿತ್ತಿಲಿಗೆ ಬಂದಾಗ ಓಣಿಯ ಮಂದಿಯೆಲ್ಲ ನೆರೆದರು. ಗಾಲಿಮನಿ ಎಂದು ಹೆಸರಿಟ್ಟವರು ಅವರೇ. ನಮ್ಮ ಅತ್ತೆ ರತ್ನಮಾಲಾಬಾಯಿ ಹಿತ್ತಿಲ ಬಾಗಿಲಿಗೆ ಬಂದು ನೋಡಿ, ಕೋಳಿ ಹಿಕ್ಕೆಯ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಹೋಗಿಬಿಟ್ಟರು.

ಪಾಪ, ಅದನ್ನು ತಂದದ್ದೇ ಅವರಿಗಾಗಿ. ಬರುವ ಮಾಘದಲ್ಲಿ ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವಿತ್ತು. ಅತ್ತೆಗೆ ಕಣ್ಣು ಮುಚ್ಚುವುದರೊಳಗೆ ಅದನ್ನು ನೋಡಬೇಕೆಂಬ ಹಂಬಲ. ಆದರೆ ಅವರು ಹೊರಗಿನ ಅನ್ನ ಮುಟ್ಟುವವರಲ್ಲ, ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಅವರನ್ನು ಅಷ್ಟು ದೂರ ಕರೆದೊಯ್ಯಬೇಕಾದರೆ ಅಡುಗೆಮನೆಯನ್ನೇ ಜೊತೆಗೆ ಒಯ್ಯಬೇಕು. ನಮ್ಮ ಮನೆಯವರ ಲೆಕ್ಕ ಇಷ್ಟೇ. ಮೊದಲ ಸಲ ಅವರ ಹುಚ್ಚಿಗೊಂದು ಅರ್ಥ ಕಂಡು ನಾನೂ ಬಾಯಿ ಮುಚ್ಚಿಕೊಂಡೆ.

ಬಂಡಿಯ ಚೌಕಟ್ಟು ಗಟ್ಟಿಯಿತ್ತು. ಕೆಟ್ಟದ್ದು ತಗಡು. ಛಾವಣಿಯ ಅಂಚುಗುಂಟ, ಎರಡೂ ಪಕ್ಕದ ಗೋಡೆಗುಂಟ ರಿವೆಟ್ಟುಗಳು ಸಡಿಲಾಗಿ ತಗಡಿನ ಸಂದುಗಳು ಬಾಯಿ ಬಿಟ್ಟಿದ್ದವು. ನಡುವೆ ಯಾರೋ ಕಬ್ಬಿಣದ ರಿವೆಟ್ಟು ಹೊಡೆದು ರಿಪೇರಿ ಮಾಡಿದ್ದರು. ಅದರ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿತ್ತು, ಬೆರಳಿನಿಂದ ಒತ್ತಿದರೆ ತೂತು. ಊರ ತಗಡಿನವರು ನೋಡಿ ಇದು ಬಸ್ಸಿನ ಬಾಡಿ ಕಟ್ಟುವವರ ಕೆಲಸ ಎಂದು ಕೈ ಎತ್ತಿದರು. ಹಾಗೆ ವಿಚಾರಿಸುತ್ತ ಹೋದಾಗ ಸಿಕ್ಕವನು ಕೃಷ್ಣಾತ. ಶಿರೋಳಿಯ ಒಂದು ಬಾಡಿ ಕಾರಖಾನೆಯಲ್ಲಿ ಮಿಸ್ತ್ರಿಯಾಗಿದ್ದವನು, ಈಗ ಅದನ್ನು ಬಿಟ್ಟು ಊರೂರಿನ ಕೆಲಸ ಹಿಡಿಯುತ್ತಿದ್ದ. ಕುರಿ ಕಾಯುವವರ ಮನೆತನ. ಮಾತು ಕಡಿಮೆ, ಕೈ ಚಲೋ ಎಂದು ಹೇಳಿದವರು ಹೇಳಿದರು.

ದಸರೆ ಮುಗಿದ ವಾರ ಅವನು ಬಂದ. ಜೊತೆಗೆ ಹೆಂಡತಿ ಮಾಯವ್ವ. ಅಡುಗೆ ಮಾಡಿಹಾಕಲು ಕರೆತಂದಿದ್ದಾನೆ ಎಂದುಕೊಂಡೆ. ಹಿತ್ತಿಲ ಕೊಟ್ಟಿಗೆಯಲ್ಲಿ ಇರಲು ಜಾಗ ತೋರಿಸುತ್ತ ಒಲೆ ಹೂಡಲು ಕಲ್ಲು ಬೇಕೇನು ಎಂದು ಕೇಳಿದರೆ, ಅವಳು ನನ್ನ ಮುಖ ನೋಡಿದಳೇ ಹೊರತು ಉತ್ತರ ಕೊಡಲಿಲ್ಲ. ಕೆಟ್ಟ ಸೊಕ್ಕಿನ ಹೆಂಗಸು ಎಂದು ನನಗೆ ಅನಿಸಿತು. ನಾನು ಒಂದು ಕೇಳಿದರೆ ನಾಲ್ಕು ಹೇಳುವವಳು. ಸುಮ್ಮನಿರುವವರ ಎದುರು ನನಗೆ ಉಸಿರು ಕಟ್ಟುತ್ತದೆ.

ಅವಳು ಬಂದದ್ದು ಡಾಲಿ ಹಿಡಿಯಲು ಎಂದು ತಿಳಿದದ್ದು ಕೆಲಸ ಶುರುವಾದ ಮೇಲೆ. ಡಾಲಿ ಎಂದರೆ ಅಂಗೈಯಲ್ಲಿ ಕೂರುವ ಕಬ್ಬಿಣದ ಭಾರದ ಗಟ್ಟಿ, ಒಂದು ಮುಖ ನುಣ್ಣಗೆ ಉಜ್ಜಿರುತ್ತದೆ. ತೂತಿನಲ್ಲಿ ಹೊರಗಿನಿಂದ ರಿವೆಟ್ಟು ತೂರಿಸುತ್ತಾರೆ. ಅದರ ದುಂಡು ತಲೆ ಹೊರಗೆ, ಬಾಲ ಒಳಗೆ. ಒಳಗಿನವರು ಆ ಬಾಲಕ್ಕೆ ಡಾಲಿಯನ್ನು ಒತ್ತಿ ಹಿಡಿಯಬೇಕು. ಹೊರಗಿನವನು ತಲೆಯ ಮೇಲೆ ಕುಳಿಯಿರುವ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾನೆ. ಬಾಲ ಡಾಲಿಗೆ ಸಿಕ್ಕು ಗುಂಡಿಯ ಹಾಗೆ ಅಗಲವಾಗಿ ಎರಡು ತಗಡನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿತೋ ಇಲ್ಲವೋ ಎಂಬುದು ಹೊರಗಿನವನಿಗೆ ಕಾಣುವುದಿಲ್ಲ. ಒಳಗಿನವರು ನೋಡಿ, ಡಾಲಿಯಿಂದ ತಗಡಿಗೆ ಬಡಿದು ಹೇಳಬೇಕು. ಒಂದು ಬಡಿತವೆಂದರೆ ಚಲೋ ಆಗಿದೆ, ಎರಡೆಂದರೆ ಇನ್ನೊಂದು ಏಟು ಬೇಕು, ಮೂರೆಂದರೆ ಕೆಟ್ಟಿದೆ, ಕಿತ್ತು ಹಾಕು. ಕಾರಖಾನೆಯ ಸದ್ದಿನಲ್ಲಿ ಮಾತು ಕೇಳದೆಂದು ಮಾಡಿಕೊಂಡ ರೂಢಿ ಅದು. ಹೊರಗಿನವನು ಎಷ್ಟೇ ದೊಡ್ಡ ಮಿಸ್ತ್ರಿಯಿರಲಿ, ಒಳಗಿನವರು ಹೇಳಿದ್ದೇ ಕೊನೆ.

ಮೊದಲ ಕೆಲ ದಿನ ಕೃಷ್ಣಾತ ಹಳೆಯ ರಿವೆಟ್ಟು ಬಿಡಿಸುವುದರಲ್ಲೇ ಕಳೆದ. ತಲೆಯ ನಡುವೆ ಗುರುತು ಮಾಡಿ ಬೈರಿಗೆ ಹಿಡಿದು ತಲೆಯನ್ನಷ್ಟೇ ಕೊರೆದು, ಉಳಿದದ್ದನ್ನು ಮೊಳೆಯಿಂದ ಒಳಕ್ಕೆ ತಳ್ಳುತ್ತಿದ್ದ. ಚಲೋ ಉಳಿದಿದ್ದ ಹಳೆಯ ರಿವೆಟ್ಟೊಂದನ್ನು ಕಿಸೆಗೆ ಹಾಕಿಕೊಂಡು ಕೊಲ್ಹಾಪುರಕ್ಕೆ ಹೋಗಿ ಅದೇ ದುಂಡು ತಲೆಯ, ಅದೇ ಮೆತ್ತನೆಯ ಅಲ್ಯುಮಿನಿಯಂ ರಿವೆಟ್ಟುಗಳನ್ನು ಹುಡುಕಿ ತಂದ. ಎರಡು ತಗಡು ಸೇರುವಲ್ಲಿ ಒಂದು ಉದ್ದ, ಚೌಕಟ್ಟಿನ ಪಟ್ಟಿಯೂ ಸೇರುವಲ್ಲಿ ಇನ್ನೊಂದು ಉದ್ದ. ಬಾಲ ಗಿಡ್ಡವಾದರೆ ಕಚ್ಚಲು ಏನೂ ಉಳಿಯದು, ಉದ್ದವಾದರೆ ಹೊಡೆದಾಗ ಬಗ್ಗಿ ಮಲಗುತ್ತದೆ. ಇದನ್ನೆಲ್ಲ ನಾನು ಕೇಳಿ ಕೇಳಿ ಹೊರಡಿಸಿದ್ದು. ತಾನಾಗಿ ಅವನೂ ಏನನ್ನೂ ಹೇಳುವವನಲ್ಲ.

ನಮ್ಮ ಮನೆಯವರು ಸುಮ್ಮನಿದ್ದಾರೆಯೇ? ಮುಂಬಯಿಯಿಂದ ಬಂದ ಯಾರದೋ ಕೈಯಲ್ಲಿ ಪಾಪ್ ರಿವೆಟ್ಟಿನ ಗನ್ನು ತರಿಸಿದರು. ಕತ್ತರಿಯಂಥ ಎರಡು ಹಿಡಿಕೆ, ಮುಂದೊಂದು ಮೂತಿ. ಟೊಳ್ಳು ರಿವೆಟ್ಟನ್ನು ಹೊರಗಿನಿಂದಲೇ ತೂರಿಸಿ ಹಿಡಿಕೆ ಅಮುಕಿದರೆ, ಒಳಗಿನ ಕಡ್ಡಿ ಹಿಂದಕ್ಕೆ ಎಳೆದು ಬಾಲವನ್ನು ಉಬ್ಬಿಸಿ ಟಕ್ಕೆಂದು ಮುರಿಯುತ್ತದೆ. ಒಳಗೆ ಯಾರೂ ಬೇಡ, ಒಬ್ಬನೇ ಮಾಡಬಹುದು. ಅವರು ಹಬ್ಬದ ಅಂಗಿ ತೋರಿಸುವ ಹಾಗೆ ಅದನ್ನು ಕೃಷ್ಣಾತನ ಮುಂದೆ ಹಿಡಿದರು. ಕೃಷ್ಣಾತ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಛಾವಣಿಗೆ ಇದು ನಡೆಯುವುದಿಲ್ಲ, ನಡುವೆ ಟೊಳ್ಳಿರುತ್ತದೆ, ಮಳೆನೀರು ಇಳಿಯುತ್ತದೆ ಎಂದ. ಒಳಗಿನ ಹಲಗೆಗಾದರೂ ಇರಲಿ ಎಂದರೆ, ಅದಕ್ಕೂ ಬೇಡ ಎಂದ. ಬಂಡಿಯೊಳಗೆ ನಿಂತಿದ್ದ ಮಾಯವ್ವ ಕಿಟಕಿಯಿಂದ ಆ ಗನ್ನನ್ನು ನೋಡಿ ಮುಖ ತಿರುಗಿಸಿದಳು.

ಮರುದಿನ ಅವಳ ಕೈಗೆ ಚಹಾದ ಸ್ಟೀಲ್ ಲೋಟ ಕೊಟ್ಟೆ. ಆಗಷ್ಟೇ ಒಲೆಯಿಂದ ಇಳಿಸಿದ್ದು, ನಾನು ಸೆರಗಿನಲ್ಲಿ ಹಿಡಿದು ತಂದಿದ್ದೆ. ಅವಳು ಬರಿಗೈಯಲ್ಲಿ ಹಿಡಿದುಕೊಂಡು ನಿಂತಳು. ಸುಡುವುದಿಲ್ಲವೇ ಎಂದು ಗಾಬರಿಯಾಗಿ ಕೇಳಿದೆ. ಬಿಸಿ ಹತ್ತುವುದಿಲ್ಲ ಎಂದಳು. ಡಾಲಿಯ ಏಟಿಗೆ ಜೋಮು ಹಿಡಿದಿರಬೇಕು ಎಂದೆ. ಇಲ್ಲ, ಕೈಯ ಅರಿವು ಮೊದಲೇ ಹೋಗಿದೆ, ಎಂದಳು. ದನಿಯಲ್ಲಿ ದುಃಖವಿಲ್ಲ, ಸಿಟ್ಟಿಲ್ಲ. ಬಾವಿಯಲ್ಲಿ ನೀರು ಕೆಳಗೆ ಹೋಗಿದೆ ಎಂದು ಹೇಳುವ ಹಾಗೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. ಅವಳು ನೀರಿಗೆ ಹೋದಾಗ ಕೃಷ್ಣಾತನನ್ನು ಹಿಡಿದು ಕೇಳಿದೆ. ಅವನು ಉಳಿಯ ಮೂತಿ ಉಜ್ಜುತ್ತ, ನನ್ನನ್ನು ನೋಡದೆ, ನಿಲ್ಲಿಸಿ ನಿಲ್ಲಿಸಿ ಹೇಳಿದ.

ಅವರಿಗೆ ಒಬ್ಬನೇ ಮಗ, ಜೋತಿಬಾ. ಮೀಸೆ ಮೂಡುವ ಮೊದಲೇ ಅಪ್ಪನ ಜೊತೆ ಕಾರಖಾನೆ ಸೇರಿ ಡಾಲಿ ಹಿಡಿದವನು. ಹೋದ ವರ್ಷ ಕಾರಖಾನೆಗೆ ಈ ಗನ್ನುಗಳು ಬಂದವು. ಒಳಗೆ ಕೈ ಬೇಡವಾಯಿತು. ಮಾಲಕರು ಕೃಷ್ಣಾತನನ್ನು ಕರೆದು, ನೀನೊಬ್ಬ ಸಾಕಲ್ಲ, ಹುಡುಗ ಯಾಕೆ ಎಂದರು. ಛಾವಣಿಗೆ ಗಟ್ಟಿ ರಿವೆಟ್ಟೇ ಬೇಕು, ಅದಕ್ಕೆ ಇಬ್ಬರು ಬೇಕು ಎಂದು ಅವನು ಹೇಳಬಹುದಿತ್ತು. ಮಿಸ್ತ್ರಿಯ ಮಾತನ್ನು ಅವರು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ನಿಂತ. ಮನೆಗೆ ಬಂದ ಮೇಲೆ ಜೋತಿಬಾ, ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಇದೆಯಂತೆ, ಹೋಗುತ್ತೇನೆ ಎಂದ. ಅಪ್ಪ ಉಣ್ಣುತ್ತಿದ್ದ. ಮಗ ಬಾಗಿಲಲ್ಲಿ ನಿಂತೇ ಇದ್ದ, ಮಾಯವ್ವ ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಅವನು ರೊಟ್ಟಿ ಮುರಿದು ತಿನ್ನುತ್ತ ಕೂತ. ಬೇಸಿಗೆಯಲ್ಲಿ ಒಂದು ಮುಂಜಾನೆ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಜೋತಿಬಾನನ್ನು ಲಾರಿಯೊಂದು ಹಿಂದಿನಿಂದ ಹೊಡೆಯಿತು.

ಅಂದಿನಿಂದ ಮಾಯವ್ವ ಅವನೊಂದಿಗೆ ಮಾತು ಬಿಟ್ಟಿದ್ದಳು. ಬೈಯಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿದು ಕೊಡುತ್ತಾಳೆ, ಡಾಲಿ ಹಿಡಿಯಲು ಯಾರೂ ಇಲ್ಲವೆಂದಾಗ ತಾನಾಗಿಯೇ ಎದ್ದು ಬಂದು ಹಿಡಿದಿದ್ದಾಳೆ, ಆದರೆ ಮಾತಿಲ್ಲ. ದೀಪಾವಳಿಯ ಮೇಲೆ ಅವಳ ತಮ್ಮ ಯಲಗೂರಪ್ಪ ಕುರಿ ಹೊಡೆದುಕೊಂಡು ಕೊಂಕಣದ ಕಡೆ ಇಳಿಯುವವನಿದ್ದ. ಅವಳ ತವರು ನಮ್ಮ ಹತ್ತಿರದ ಮಹಾಗಾಂವ. ಹೋಗುವಾಗ ಅವಳನ್ನು ಕರೆದುಕೊಂಡು ಹೋಗುತ್ತಾನೆ, ಅವಳು ತಿರುಗಿ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ ಎಂದ ಕೃಷ್ಣಾತ.

ಬೇಡ ಅನ್ನಬಾರದೇ ಎಂದು ಕೇಳಿದೆ. "ಹೆಂಗ ಅನ್ನೂದ್ರಿ ಅಕ್ಕಾರ" ಎಂದ. ನನಗೆ ಮೈ ಉರಿಯಿತು. ಬಾಯಿ ತೆರೆದು ಅನ್ನುವುದು, ಇನ್ನು ಹೇಗೆ ಎಂದು ಬೈದೆ. ಅವನು ಉಳಿ ಉಜ್ಜುತ್ತಲೇ ಇದ್ದ.

ಹೊಡೆಯುವ ಕೆಲಸ ಶುರುವಾಯಿತು. ಹೊಸ ತಗಡಿಗೆ ಅಲ್ಲಲ್ಲಿ ಬೋಲ್ಟು ಬಿಗಿದು ಕೂರಿಸಿ, ಸಂದಿನಲ್ಲಿ ಡಾಂಬರಿನ ಪಟ್ಟಿ ಹಾಸಿ, ನಡುವಿನಿಂದ ಎರಡೂ ಕಡೆಗೆ ರಿವೆಟ್ಟು ಹೊಡೆಯುತ್ತ ಹೋಗುವುದು. ಎಡಗೋಡೆ, ಛಾವಣಿಯ ಅಂಚು, ಬಲಗೋಡೆ. ಇಡೀ ದಿನ ನಮ್ಮ ಹಿತ್ತಿಲಲ್ಲಿ ಅದೇ ಸದ್ದು. ನಾಲ್ಕೈದು ಏಟು, ಆಮೇಲೆ ಒಳಗಿನಿಂದ ಒಂದು ಬಡಿತ. ಮತ್ತೆ ನಾಲ್ಕೈದು ಏಟು, ಒಂದು ಬಡಿತ. ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಯಾವಾಗಲೂ ಒಂದೇ. ಎರಡು ಇಲ್ಲ, ಮೂರು ಇಲ್ಲ. ಎಷ್ಟು ಚಲೋ ಕೆಲಸ, ಒಂದೂ ಕೆಡುತ್ತಿಲ್ಲ ಎಂದು ನಮ್ಮ ಮನೆಯವರು ಹಿಗ್ಗಿದರು. ನಾನೂ ಹಾಗೆಯೇ ಅಂದುಕೊಂಡೆ, ನನಗೇನು ಗೊತ್ತು. ಆದರೆ ಒಮ್ಮೊಮ್ಮೆ ಕೃಷ್ಣಾತ ಆ ಬಡಿತ ಕೇಳಿದ ಮೇಲೂ ಸುತ್ತಿಗೆ ಎತ್ತಿದ ಹಾಗೆಯೇ ನಿಲ್ಲುತ್ತಿದ್ದ. ರಿವೆಟ್ಟಿನ ತಲೆಗೆ ಬೆರಳು ಇಟ್ಟು ನೋಡುತ್ತಿದ್ದ. ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದ.

ದೀಪಾವಳಿ ಕಳೆದು ನೀರಿನ ಪರೀಕ್ಷೆಯ ದಿನ ಬಂತು. ಬಸ್ಸಿನ ಬಾಡಿ ಕಟ್ಟಿದ ಮೇಲೆ ಮೇಲಿನಿಂದ ನೀರು ಹಾಯಿಸಿ ಸೋರುತ್ತದೆಯೋ ಎಂದು ನೋಡುತ್ತಾರೆ, ಹಾಗೆ. ಅತ್ತೆ ಅಷ್ಟು ಹೊತ್ತಿಗೆ ಗಾಲಿಮನಿಯ ಮೇಲೆ ಮನಸ್ಸು ಮಾಡಿದ್ದರು. ಒಳಗೆ ನೀರು ಹೊಯ್ದು ತೊಳೆಸಿ, ತಮ್ಮ ಹಿತ್ತಾಳೆ ಕೊಡದಲ್ಲಿ ಸೋಸಿದ ನೀರು ಇಡಿಸಿ, ಹಲಗೆಯ ಮೇಲೆ ಮಣಿಮಾಲೆ ಹಿಡಿದು ಕೂತಿದ್ದರು. ಹೊರಗೆ ಕಾಯಬಾರದೇ ಎಂದರೆ, ಯಾತ್ರೆಗೆ ಹೋಗುವವಳು ನಾನು, ನೋಡುವವಳೂ ನಾನೇ ಎಂದರು. ನಮ್ಮ ಮನೆಯವರು ಬಾವಿಯ ಪಂಪಿಗೆ ಪೈಪು ಜೋಡಿಸಿ ಛಾವಣಿಯ ಮೇಲೆ ನೀರು ಬಿಟ್ಟರು.

ಮೊದಲು ಅಂಚಿನಿಂದ ಹನಿ ಬಿತ್ತು. ಆಮೇಲೆ ಎಡಗೋಡೆಗುಂಟ ಸಾಲಾಗಿ ನೀರು ಇಳಿಯಿತು. ಅತ್ತೆಯ ತಲೆಯ ಮೇಲೆ, ಮಾಲೆಯ ಮೇಲೆ, ಕೊನೆಗೆ ತೆರೆದ ಕೊಡದೊಳಗೆ ಸೋಸದ ನೀರು ಸುರಿಯಿತು. ಅವರು ತೊಯ್ದ ಬಿಳಿ ಸೀರೆಯಲ್ಲಿ ಇಳಿದು ಬಂದು, ಕೊಡವನ್ನು ಎತ್ತಿ ಗಿಡದ ಬುಡಕ್ಕೆ ಸುರಿದು ಸ್ನಾನಕ್ಕೆ ಹೋದರು. ನನಗೆ ನಗು ತಡೆಯಲಿಕ್ಕಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ನಮ್ಮ ಮನೆಯವರು ಮಾತ್ರ ಕೆಂಡವಾಗಿದ್ದರು. ಒಳಗೆ ಹೋಗಿ ಬೆರಳಿನಿಂದ ಒಂದೊಂದೇ ರಿವೆಟ್ಟಿನ ಬಾಲ ಮುಟ್ಟಿದರು. ಅರ್ಧಕ್ಕರ್ಧ ಅಲುಗಾಡುತ್ತಿದ್ದವು. ಇಷ್ಟು ದಿನ ಏನು ಮಾಡಿದಿ ಎಂದು ಕೃಷ್ಣಾತನ ಮೇಲೆ ರೇಗಿದರು. ಅವನು ತಪ್ಪು ತನ್ನದು, ಏಟು ಹಗುರವಾಗಿ ಬಿದ್ದಿವೆ ಎಂದ.

ಮಾಯವ್ವ ಬಂಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಸೀರೆಯೂ ತೊಯ್ದಿತ್ತು.

"ಏಟು ಬರೋಬ್ಬರಿ ಇದ್ದೂರಿ ಸಾವಕಾರ್ರ. ಒಳಗ ನಾನು ಒತ್ತಿ ಹಿಡಿದಿಲ್ಲ. ನೋಡೂದೂ ನೋಡಿಲ್ಲ. ಎಲ್ಲಾ ಚಲೋ ಅದಾವ ಅಂತ ಬಡದೇನಿ" ಎಂದಳು.

ಆಮೇಲೆ ಗಂಡನ ಕಡೆ ತಿರುಗಿದಳು. ಬೇಸಿಗೆಯಿಂದ ಇಲ್ಲಿಯವರೆಗೆ ಅವನಿಗೆ ಆಡಿದ ಮೊದಲ ಮಾತು ಅದು. "ನಿಮಗ ಕೇಳಿಸಲಿಲ್ಲೇನು? ಕಚ್ಚಿದ ರಿವೆಟ್ಟಿನ ಸಪ್ಪಳ ನಿಮಗ ಗೊತ್ತಿಲ್ಲೇನು?"

"ಕೇಳಿಸ್ತು."

"ಮತ್ತ ಯಾಕ ಸುಮ್ನಿದ್ರಿ?"

ಕೃಷ್ಣಾತ ಒದ್ದೆ ನೆಲ ನೋಡುತ್ತ ನಿಂತ. "ನೀ ಚಲೋ ಅಂದಿ" ಎಂದ.

ನಮ್ಮ ಮನೆಯವರು ಪಂಪು ನಿಲ್ಲಿಸಲು ಹೋದರು. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಅಷ್ಟು ತಿಂಗಳಲ್ಲಿ ಹೆಂಡತಿಯಿಂದ ಅವನಿಗೆ ಸಿಕ್ಕಿದ್ದು ಆ ಒಂದು ಬಡಿತ ಮಾತ್ರ. ಅದು ಸುಳ್ಳೆಂದು ಗೊತ್ತಿದ್ದೂ ಅವನು ಬೇಡವೆನ್ನಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೇಳಿದವರಿಗೆಲ್ಲ ಚಲೋ ಇದ್ದೇನೆ ಎಂದು ಹೇಳಿ ಹೇಳಿ ಆ ಕೈಗೂ ಅದೇ ರೂಢಿಯಾಗಿರಬೇಕು.

ಮರುದಿನದಿಂದ ಮತ್ತೆ ಮೊದಲಿನಿಂದ ಶುರು. ಹೊಡೆದದ್ದನ್ನೆಲ್ಲ ಕೊರೆದು ತೆಗೆಯಬೇಕು. ಕೊರೆಯುವಾಗ ತೂತು ಅಗಲವಾದಲ್ಲಿ ಒಂದು ಸುತ್ತು ದಪ್ಪನೆಯ ರಿವೆಟ್ಟು ಆರಿಸಿ ಹಾಕಬೇಕು. ಈ ಸಲ ಒಳಗಿನಿಂದ ಎರಡು ಬಡಿತ ಬರುತ್ತಿತ್ತು, ಮೂರೂ ಬರುತ್ತಿತ್ತು. ಮೂರು ಬಂದರೆ ಕೃಷ್ಣಾತ ಉಸಿರೆತ್ತದೆ ಬೈರಿಗೆ ಹಿಡಿಯುತ್ತಿದ್ದ. ಒಮ್ಮೆ ಒಂದೇ ತೂತಿನಲ್ಲಿ ಅವಳು ಸಾಲಾಗಿ ಕೆಟ್ಟಿದೆ, ಕೆಟ್ಟಿದೆ ಎಂದೇ ಬಡಿದಳು. ಅವನು ತೆಗೆಯುತ್ತ, ಹಾಕುತ್ತ ಹೋದ. ಬೇಕೆಂದೇ ಮಾಡುತ್ತಿದ್ದಾಳೆ ಎಂದು ನನಗೆ ಅನಿಸಿ ಒಳಗೆ ಹೋಗಿ ನೋಡಿದೆ. ನಿಜವಾಗಿಯೂ ಬಾಲ ಬಗ್ಗಿತ್ತು. ಬಂದವಳು ಸುಮ್ಮನೆ ಹೋಗದೆ, ನನಗೂ ಒಂದು ಸಲ ಹಿಡಿಯಲು ಕೊಡು ಎಂದೆ. ಅವಳು ನನ್ನ ಅಂಗೈಗೆ ಡಾಲಿ ಕೊಟ್ಟು ಮೇಲೆ ತನ್ನ ಕೈ ಇಟ್ಟಳು. ಹೊರಗಿನ ಏಟು ಬಿದ್ದ ಕೂಡಲೇ ಮೊಣಕೈಯವರೆಗೆ ಜುಂ ಎಂದು ಏರಿತು, ಕಿವಿ ಗಪ್ಪಾಯಿತು. ಸಂಜೆ ರೊಟ್ಟಿಯ ಹಿಟ್ಟು ನಾದುವಾಗಲೂ ಬೆರಳು ನನ್ನವಲ್ಲದ ಹಾಗೆ ಇದ್ದವು. ಒಂದು ರಿವೆಟ್ಟಿಗೇ ಹೀಗೆ. ಮೊದಲೇ ಹೋಗಿದೆ ಎಂದು ಅವಳು ಹೇಳಿದ್ದು ಮಾತ್ರ ಬೇರೆ ಥರದ್ದು, ಅದು ನನಗೆ ತಾಗುವಂಥದ್ದಲ್ಲ.

ಕೆಲಸದ ಮಾತು ಬಿಟ್ಟು ಬೇರೆ ಮಾತನ್ನು ಅವಳು ಆಗಲೂ ಆಡಲಿಲ್ಲ. ಒಂದು ಸಲ ಮಾತ್ರ ಪಾತ್ರೆ ಬೆಳಗುತ್ತ ನನ್ನ ಹತ್ತಿರ, ತಮ್ಮ ಬಂದಾಗ ಹೋಗುವುದೇ ನಿಜ ಎಂದಳು. ಅಲ್ಲಿ ಏನಿದೆ ಎಂದು ಕೇಳಿದೆ. ಕುರಿ ಇವೆ ಎಂದಳು. ಇಲ್ಲಿ ಗಂಡ ಇದ್ದಾನಲ್ಲ ಎಂದೆ. ಅವಳು ತಟ್ಟೆ ತಿರುಗಿಸಿ ಬೂದಿ ಹಚ್ಚಿದಳು.

ಯಲಗೂರಪ್ಪ ಬಂದ. ಕೊಯ್ಲಾದ ನಮ್ಮ ಶೇಂಗಾದ ಹೊಲದಲ್ಲಿ ಗೊಬ್ಬರಕ್ಕೆಂದು ಅವನ ಕುರಿಗಳನ್ನು ರಾತ್ರಿ ಕೂಡಿಹಾಕುವುದು ಪ್ರತಿ ವರ್ಷದ ವಾಡಿಕೆ. ಅವನು ನಮಗೆ ಗೊತ್ತಿದ್ದವನೇ, ಮಾಯವ್ವನ ತಮ್ಮ ಎಂದು ಮಾತ್ರ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಅಕ್ಕನನ್ನು ಕಂಡು ಕಣ್ಣೀರು ಹಾಕಿದ, ಭಾವನನ್ನು ಕಂಡು ಪಕ್ಕಕ್ಕೆ ಉಗುಳಿದ. ಹೊರಡುವ ದಿನ ಹೇಳಿ ಹೋದ.

ಅಷ್ಟರಲ್ಲಿ ಗೋಡೆ, ಛಾವಣಿ ಎಲ್ಲ ಮುಗಿದು ಎರಡನೇ ಸಲದ ನೀರಿನ ಪರೀಕ್ಷೆಯೂ ಆಗಿತ್ತು. ಒಂದು ಹನಿ ಒಳಗೆ ಬೀಳಲಿಲ್ಲ. ಉಳಿದದ್ದು ಒಳಗಿನ ತೆಳು ಹಲಗೆ, ಕಪಾಟು. ಅದಕ್ಕೆ ಪಾಪ್ ರಿವೆಟ್ಟೇ ಸಾಕು, ಒಬ್ಬನೇ ಮುಗಿಸಬಹುದು, ಅವಳನ್ನು ಯಾಕೆ ತಡೆಯುವುದು ಎಂದರು ನಮ್ಮ ಮನೆಯವರು. ಅವರ ಬುದ್ಧಿಗೆ ಅದು ಸಹಾಯ. ಸುಮ್ಮನಿರಿ ಎಂದು ನಾನು ಕಣ್ಣು ಬಿಟ್ಟದ್ದು ಅವರಿಗೆ ತಿಳಿಯಲೇ ಇಲ್ಲ.

ಹೊರಡುವ ಮುಂಜಾನೆ ಮಾಯವ್ವ ಕೊಟ್ಟಿಗೆ ಗುಡಿಸಿ, ಒಲೆಯ ಬೂದಿ ತೆಗೆದು, ಗಂಡನಿಗೆ ಎರಡು ಹೊತ್ತಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಳು. ಸೀರೆಗಳನ್ನು ಗಂಟು ಕಟ್ಟಿದಳು. ಅತ್ತೆಗೆ ನಮಸ್ಕಾರ ಮಾಡಿದಳು. ನನ್ನ ಕೈ ಹಿಡಿದಳು. ಕೃಷ್ಣಾತ ಬಂಡಿಯೊಳಗಿದ್ದ. ಹೊರಗಿದ್ದ ನನಗೆ ಟಕ್, ಟಕ್ ಎಂಬ ಸದ್ದು ಕೇಳಿತು. ಒಳಗೆ ಹೋಗಿ ನೋಡಿದರೆ ಅವನ ಕೈಯಲ್ಲಿ ಆ ಗನ್ನು. ಮುಟ್ಟುವುದಿಲ್ಲ ಎಂದಿದ್ದವನು ಹಿಡಿಕೆ ಅಮುಕುತ್ತಿದ್ದ, ಮುರಿದ ಕಡ್ಡಿಗಳು ಕಾಲಬಳಿ ಬೀಳುತ್ತಿದ್ದವು. ಅವಳು ನಿಶ್ಚಿಂತೆಯಾಗಿ ಹೋಗಲಿ, ನನಗೆ ಕೈ ಬೇಡ ಎಂದು ತೋರಿಸುವುದು ಅವನ ಉದ್ದೇಶ. ಮೂರ್ಖ ಎಂದರೆ ಇಂಥ ಮೂರ್ಖ.

ನಾನು ಅವನ ಕೈಯಿಂದ ಗನ್ನು ಕಿತ್ತುಕೊಂಡೆ. ಪರಗಂಡಸಿನ ಕೈಯಿಂದ ಏನನ್ನೂ ಹಾಗೆ ಕಿತ್ತುಕೊಂಡವಳಲ್ಲ ನಾನು. ಮಗ ಬಾಗಿಲಲ್ಲಿ ನಿಂತಾಗ ರೊಟ್ಟಿ ತಿಂದಿ, ಈಗ ಇದನ್ನು ಒತ್ತುತ್ತ ಕೂರು, ಎಂದೆ. ಅಷ್ಟು ಕಟುವಾಗಿ ಹೇಳಬೇಕೆಂದಿರಲಿಲ್ಲ. ಅವನು ನನ್ನನ್ನು ದಾಟಿ ಕೆಳಗಿಳಿದು, ಚಪ್ಪಲಿ ಸಹ ಮೆಟ್ಟದೆ ಹೊಲದ ದಾರಿ ಹಿಡಿದ. ನಾನೂ ಹಿಂದೆಯೇ ಹೋದೆ. ಯಾರೇನೆಂದರೂ ಅನ್ನಲಿ.

ಹೊಲದಲ್ಲಿ ಮಂದೆ ಎದ್ದು ನಿಂತಿತ್ತು. ಯಲಗೂರಪ್ಪ ಕುರಿ ಕೂಡುವ ಬಲೆ ಸುತ್ತಿ ತಟ್ಟುಗುದುರೆಯ ಬೆನ್ನಿಗೆ ಹೇರಿದ್ದ, ಅದರ ಮೇಲೆ ಅಕ್ಕನ ಗಂಟು. ಮುಂದಿನ ಕುರಿಗಳು ಆಗಲೇ ಆಜರೆಯ ರಸ್ತೆ ಹತ್ತಿದ್ದವು. ಮಾಯವ್ವ ಕೈಯಲ್ಲಿ ಕೋಲು ಹಿಡಿದು ಮಂದೆಯ ನಡುವೆ ನಡೆಯುತ್ತಿದ್ದಳು. ಗಂಡ ಬರುವುದನ್ನು ನೋಡಿದಳು, ನಡೆಯುವುದನ್ನು ನಿಲ್ಲಿಸಿದಳು, ಎದುರು ಬರಲಿಲ್ಲ.

ಕೃಷ್ಣಾತ ಅವಳ ಮುಂದೆ ನಿಂತ. ಏದುಸಿರು ಬಿಡುತ್ತಿದ್ದ. ಬಾಯಿ ತೆರೆದ, ಮುಚ್ಚಿದ. ನನಗೆ ಅಲ್ಲಿ ನಿಂತು ಅವನ ಬೆನ್ನಿಗೆ ಗುದ್ದಬೇಕೆನಿಸಿತು.

"ಹೋಗಬ್ಯಾಡ" ಎಂದ.

ಮಾಯವ್ವ ಅವನನ್ನು ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಈ ಮಾತು ಅವಗ ಹೇಳಬೇಕಿತ್ತು."

"ಹೌದು" ಎಂದ ಕೃಷ್ಣಾತ. "ಹೇಳಬೇಕಿತ್ತು."

ನೆಪ ಹೇಳುತ್ತಾನೆ, ಮಾಲಕರ ಮೇಲೆ ಹಾಕುತ್ತಾನೆ, ಹಣೆಬರಹ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಬೇರೆ ಏನೂ ಹೇಳಲಿಲ್ಲ. ಅವನ ಕಾಲಿಗೆ ಶೇಂಗಾದ ಕೂಳೆ ಚುಚ್ಚಿ ರಕ್ತ ಬಂದಿತ್ತು. ಅವಳು ಅದನ್ನು ನೋಡುತ್ತಿದ್ದಳು. ಯಲಗೂರಪ್ಪ ಮುಂದಿನಿಂದ ಅಕ್ಕನನ್ನು ಕೂಗಿ ಕರೆದ.

ಅವಳು ಕೋಲನ್ನು ಎದೆಗೆ ಆನಿಸಿಕೊಂಡು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕುರಿಗಳು ಅವಳ ಎರಡೂ ಪಕ್ಕದಿಂದ ಹಾದು ಹೋದವು, ಮಂದೆಯೆಲ್ಲ ಮುಗಿಯುವವರೆಗೆ ಕೂತಿದ್ದಳು. ಆಮೇಲೆ ಎದ್ದು ತಮ್ಮನ ಹತ್ತಿರ ನಡೆದು ಹೋಗಿ ತಟ್ಟಿನ ಬೆನ್ನಿನಿಂದ ತನ್ನ ಗಂಟನ್ನು ಇಳಿಸಿಕೊಂಡಳು. ಯಲಗೂರಪ್ಪ ಏನೋ ಕೇಳಿದ. ಅವಳು ಅವನ ತಲೆ ಮುಟ್ಟಿ, ಕೋಲನ್ನು ಅವನಿಗೆ ಕೊಟ್ಟಳು.

ತಿರುಗಿ ಬರುವಾಗ ಕೃಷ್ಣಾತ ಗಂಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಕ್ಷಮಿಸಿ ಉಳಿದಳು ಎಂದು ನಾನು ಹೇಳಲಾರೆ. ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ನಮ್ಮ ಊರಲ್ಲೇ ಇದ್ದರು, ಲಾರಿಯ, ಬಸ್ಸಿನ ತಗಡು ಕೆಲಸ ಮಾಡಿಕೊಂಡು. ಅವಳು ಅವನೊಂದಿಗೆ ನಗುತ್ತ ಮಾತಾಡಿದ್ದನ್ನು ನಾನು ಕಂಡಿಲ್ಲ. ಆ ದಿನ ಅವಳು ಅವನಿಗಿಂತ ಮುಂದೆ ನಡೆದಳು, ಅವನು ಬರಿಗಾಲಿನಲ್ಲಿ ಹಿಂದೆ, ಅವನ ಹಿಂದೆ ನಾನು ಅಳುತ್ತ. ಅವರಿಬ್ಬರಿಗೂ ಬಾರದ ಅಳು ನನಗೇಕೆ ಬಂತೋ. ಹಿತ್ತಿಲಿಗೆ ಬಂದು ಗಂಟನ್ನು ಕೊಟ್ಟಿಗೆಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ರೊಟ್ಟಿಯನ್ನು ಬಿಚ್ಚಿ ಎರಡು ಪಾಲು ಮಾಡಿದಳು. ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ತಾನು ತೆಗೆದುಕೊಂಡಳು.

"ಉಣ್ರಿ" ಎಂದಳು. "ಉಣ್ಕೋತ ಅವನ ಸುದ್ದಿ ಹೇಳ್ರಿ. ಕಾರಖಾನ್ಯಾಗ ಅಂವಾ ಹೆಂಗಿರ್ತಿದ್ದ, ನನಗ ಗೊತ್ತಿಲ್ಲ."